ಅಪ್ಪನ ಸಾಲುಗಳು

ಗುಂಡೂ,

ಇವತ್ತು ಬೇಕರಿಯಲ್ಲಿ ನನಗೆ ಬೆಳಗಿನ ಪಾಳಿ, ಹೊರಟೆ. ಹಾಸಿಗೆ ಮಡಚಿಡು, ಅದನ್ನೂ ಅಮ್ಮನ ತಲೆಗೆ ಕಟ್ಟಬೇಡ. ಆಮೇಲೆ ನನಗಾಗಿ ಒಂದು ಕೆಲಸ ಮಾಡಬೇಕು.

ಅಪ್ಪ ಇದ್ದಾಗಿನ ಬೆಳಗಿನ ಪ್ರಾರ್ಥನೆ ನೆನಪಿದೆಯಲ್ಲ? ಅವರು ಶೂ ಪಾಲಿಶ್ ಮಾಡುತ್ತಲೇ ಒಂದು ಸಾಲು ಹೇಳುತ್ತಿದ್ದರು, ಅಮ್ಮ ಒಲೆಯ ಮುಂದಿನಿಂದಲೇ ಉತ್ತರದ ಸಾಲು ಹೇಳುತ್ತಿದ್ದಳು. ನಾವಿಬ್ಬರೂ ಬಾಯಿ ತೆರೆಯುತ್ತಿದ್ದದ್ದು ಆಮೆನ್‌ಗೆ ಮಾತ್ರ, ಅದೂ ಇನ್ನು ತಿಂಡಿ ಬರುತ್ತದೆ ಅನ್ನುವ ಖುಷಿಗೆ.

ನಿನ್ನೆ ಅಮ್ಮ ಪಾತ್ರೆ ತೊಳೆಯುತ್ತಾ ಒಬ್ಬಳೇ ಪ್ರಾರ್ಥನೆ ಮಾಡುತ್ತಿದ್ದಳು. ಅಪ್ಪನ ಸಾಲು ಬಂದಾಗ ಸುಮ್ಮನಾಗಿ, ಅವರು ಹೇಳಿ ಮುಗಿಸುವಷ್ಟು ಹೊತ್ತು ಕಾದು, ಆಮೇಲೆ ತನ್ನ ಸಾಲು ಹೇಳುತ್ತಿದ್ದಳು.

"ಅಪ್ಪಂದೂ ನೀನೇ ಹೇಳ್ಬಾರ್ದೇನಮ್ಮಾ?" ಅಂದೆ.

"ಅದು ಅವರದ್ದು ಕಣೇ, ನನ್ನ ಬಾಯಿಗೆ ಬರಲ್ಲ," ಅಂದಳು.

ನಾನೇ ಹೇಳಲು ಹೋದೆ. ಎರಡನೇ ಸಾಲು ದಾಟಲಾಗದೆ, ಅಮ್ಮ ತೊಳೆದಿಟ್ಟ ಪಾತ್ರೆ ಒರೆಸಲು ನಿಂತೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅಪ್ಪನ ಆಂಗ್ಲಿಕನ್ ಚರ್ಚಿನ ಪ್ರಾರ್ಥನಾ ಪುಸ್ತಕ ರೇಡಿಯೋ ಮೇಲಿದೆ, ಪುಟಕ್ಕೆ ಗುರುತು ಇಟ್ಟಿದ್ದೇನೆ. ಪ್ರಾರ್ಥನೆಯ ವಿಷಯಕ್ಕೇ ಅಪ್ಪನ ಜೊತೆ ಜಗಳವಾಡಿ ಎರಡು ವರ್ಷ ಮನೆಗೇ ಬರದಿದ್ದವನು ನೀನು, ಗೊತ್ತು. ನಂಬು ಅನ್ನುತ್ತಿಲ್ಲ ಮಾರಾಯಾ. ಅಮ್ಮ ಪ್ರಾರ್ಥನೆ ಶುರು ಮಾಡಿದಾಗ ಅಪ್ಪನ ಸಾಲುಗಳನ್ನು ನೀನು ಓದು, ಸಾಕು. ಗಡಿಬಿಡಿ ಮಾತ್ರ ಮಾಡಬೇಡ.

ಕೊನೆಯಲ್ಲಿ, ದೂರ ಇರುವವರಿಗಾಗಿ ಬೇಡುವ ಕಡೆ, ಅಂಚಿನಲ್ಲಿ ಅಪ್ಪ ಪೆನ್ಸಿಲ್‌ನಲ್ಲಿ ನಿನ್ನ ಹೆಸರು ಬರೆದಿದ್ದಾರೆ. ಆ ಎರಡು ವರ್ಷ ದಿನಾ ತಪ್ಪದೆ ಅದನ್ನು ಓದುತ್ತಿದ್ದರು. ನಾಚಿಕೊಂಡು ಹಾರಿಸಬೇಡ. ಅಲ್ಲೂ ಅಮ್ಮನದ್ದೊಂದು ಉತ್ತರವಿದೆ.

ಅಕ್ಕ