ಖಾಲಿ ಪುಟಗಳೇ ನನ್ನ ನೋವಿನ ದಿನಗಳು

ತಲೆನೋವು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ವಿಭಾಗದ ಲೆಕ್ಕದ ಪ್ರಕಾರ ಈ ಬೇಸಿಗೆಯಲ್ಲಿ ನನಗೆ ಒಂದು ಸಲವೂ ತಲೆನೋವು ಬಂದಿಲ್ಲ. ಈ ಶುಭಸಮಾಚಾರವನ್ನು ನಿಮ್ಮ ಕೌಂಟರಿನವರು ತಿಳಿಸುವಾಗ ನಾನು ನಿಮ್ಮದೇ ಗೋಡೆಯ ತಣ್ಣನೆಯ ಟೈಲ್ಸಿಗೆ ಹಣೆ ಒತ್ತಿಕೊಂಡು ನಿಂತಿದ್ದೆ. ಹಾಗೆ ನಿಂತಿದ್ದಕ್ಕೆ ಕ್ಷಮಿಸಿ. ನೋವಿಲ್ಲದವನು ಗೋಡೆ ಹಿಡಿಯಬಾರದು ಎಂದು ಗೊತ್ತಿರಲಿಲ್ಲ.

ನಾನು ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹಬೆಯ ಇಸ್ತ್ರಿ ಹಾಕುವವನು. ಅರ್ಧಕ್ಕೇ ಶಾಲೆ ಬಿಟ್ಟವನು, ಕಾಗದ ಬರೆದು ಅಭ್ಯಾಸವಿಲ್ಲ; ತಪ್ಪಿದ್ದರೆ ಸರಿಮಾಡಿಕೊಂಡು ಓದಬೇಕು. ಅಂಗಡಿಯಲ್ಲಿ ನನ್ನನ್ನು ‘ಗಾಬರಿ ಗುಂಡಣ್ಣ’ ಎನ್ನುತ್ತಾರೆ. ಬೀಗ ಹಾಕಿ ಬಂದ ಮೇಲೂ ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ನೋಡುವ ಜಾತಿಯವನು. ಇಂಥವನ ಕೈಗೆ ನಿಮ್ಮ ಡಾಕ್ಟರಮ್ಮ ‘ತಲೆನೋವಿನ ದಿನಚರಿ’ ಎಂಬ ಪುಸ್ತಕ ಕೊಟ್ಟು, “ಊಟ, ನಿದ್ದೆ, ವಾಸನೆ, ಬೆಳಕು, ಎಲ್ಲಾ ಬರೀರಿ, ಏನೂ ಬಿಡ್ಬೇಡಿ. ಯಾವುದರಿಂದ ಬರುತ್ತೆ ಅಂತ ಆಗ ಗೊತ್ತಾಗುತ್ತೆ” ಎಂದರು. ಹೆದರಿದವನ ಮೇಲೆ ಹಾವು ಎಸೆದಂತಾಯಿತು. ನಾನು ಏನನ್ನೂ ಬಿಡಲಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಣ್ಣ ಹೊಡೆದದ್ದು, ಮೋಡ ಕವಿದದ್ದು, ಬಸ್ಸಿನಲ್ಲಿ ಒಬ್ಬರು ಅತ್ತರು ಹಾಕಿಕೊಂಡು ಕೂತದ್ದು, ಎಲ್ಲಾ ಬರೆದೆ. ಈರುಳ್ಳಿ ಬಿಟ್ಟೆ, ಕಾಫಿ ಬಿಟ್ಟೆ, ನಗುವಾಗ ತಲೆ ಅಲ್ಲಾಡುತ್ತದೆಂದು ನಗುವುದನ್ನೂ ಕಡಿಮೆ ಮಾಡಿದೆ. ನನ್ನ ಹೆಂಡತಿ ಒಂದು ದಿನ ತಡೆಯಲಾರದೆ ಕೇಳಿದಳು: “ರೀ, ಇದು ತಲೆನೋವು ಕಳೆಯೋ ಪುಸ್ತಕನೋ, ತರಿಸೋ ಪುಸ್ತಕನೋ? ಮುಂದೆ ನನ್ನ ಹೆಸರೂ ಬರೀತೀರೇನೋ!” ಬರೆಯೋಣವೇ ಎಂದು ನಾನು ಒಂದು ಗಳಿಗೆ ಯೋಚಿಸಿದ್ದು ನಿಜ.

ಆದರೆ ಮಾನ್ಯರೇ, ಇಷ್ಟೆಲ್ಲ ಬರೆದದ್ದು ನೋವಿಲ್ಲದ ದಿನಗಳಲ್ಲಿ. ನೋವು ಬಂದಾಗ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಮೊದಲು ಕಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಬೆಳಕು ಮಿಣುಕುತ್ತದೆ. ಆಮೇಲೆ ಎದುರಿಗಿರುವುದರಲ್ಲಿ ಅರ್ಧ ಮಾಯ. ಒಂದು ಸಲ ಅಂಗಿಯ ಕಾಲರಿನ ಎಡಭಾಗವೇ ಕಾಣಿಸದೆ, ಅದಿರಬೇಕಾದ ಕಡೆ ಇಸ್ತ್ರಿ ಇಟ್ಟೆ. ಅಲ್ಲಿ ಇದ್ದದ್ದು ನನ್ನದೇ ಮುಂಗೈ. ಕಾಲರು ಕಾಣದವನಿಗೆ ಅಕ್ಷರ ಕಂಡೀತೇ? ಪುಸ್ತಕದಲ್ಲಿ ‘ನೋವಿಗೆ ಹತ್ತಕ್ಕೆ ಎಷ್ಟು ಅಂಕ?’ ಎಂದು ಕೇಳಿದ್ದೀರಿ. ಶಾಲೆಯಲ್ಲಿ ಯಾವ ಮೇಷ್ಟರೂ ನನಗೆ ಹತ್ತಕ್ಕೆ ಹತ್ತು ಕೊಟ್ಟವರಲ್ಲ. ಇಲ್ಲಿ ಸಿಗುತ್ತಿತ್ತು, ಪೆನ್ನು ಹಿಡಿಯಲು ಕೈ ಬರಲಿಲ್ಲ.

ಅದಕ್ಕೇ ಆ ದಿನಗಳಲ್ಲಿ, ನಾನು ಕಿಟಕಿ ಮುಚ್ಚಿ, ಬಕೆಟ್ಟು ಪಕ್ಕಕ್ಕಿಟ್ಟು ಮಲಗಿದಾಗ, ನನ್ನ ಹೆಂಡತಿ ಬಾಗಿಲ ಬಳಿ ಕೂತು ನನ್ನನ್ನು ಪಿಸುದನಿಯಲ್ಲಿ ಕೇಳಿ ಕೇಳಿ ಬರೆದಳು. ಪುಸ್ತಕ ತುಂಬಿದ ಮೇಲೆ ನಿಮ್ಮ ಕೌಂಟರಿಗೆ ತಂದೆವು. ಅಲ್ಲಿದ್ದವರು ಪುಟ ತಿರುವಿ, ಅವಳು ಬರೆದದ್ದಕ್ಕೆಲ್ಲ ಕೆಂಪು ಗೀಟು ಎಳೆದರು.

“ಇದು ಪೇಷೆಂಟ್ ಕೈಬರಹ ಅಲ್ವಲ್ಲಮ್ಮ?”

“ನಾನು ಬರೆದಿದ್ದು ಸಾರ್. ಇವರಿಗೆ ಆಗ ಕಣ್ಣೇ ಕಾಣಲ್ಲ.”

“ಸ್ವಂತ ಅಕ್ಷರದಲ್ಲೇ ಬರೀಬೇಕು ಅಂತ ಪುಸ್ತಕದ ಹಿಂದೆ ಅಚ್ಚಾಗಿದೆ, ನೋಡ್ಲಿಲ್ವಾ? ಇವು ಖಾಲಿ ಪುಟ ಅಂತಲೇ ಲೆಕ್ಕ. ಖಾಲಿ ಅಂದ್ರೆ ನೋವಿಲ್ಲ ಅಂತ.”

“ಅಲ್ಲ ಸಾರ್, ಮುಳುಗೋನು ‘ನಾನು ಮುಳುಗ್ತಿದ್ದೀನಿ’ ಅಂತ ಬರೆದುಕೊಟ್ರೇನೇ ಎತ್ತೋದಾ?”

“ಮುಂದಿನವರು ಬನ್ನಿ.”

ಪುಸ್ತಕವನ್ನು ಅಲ್ಲೇ ಇಟ್ಟುಕೊಂಡರು.

ಇದು ಬರೀ ಕೆಂಪು ಗೀಟಿನ ಜಗಳವಾಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಅವಳು ಬರೆದ ಪುಟಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಇದೆ: ‘ಕಲೆ ತೆಗೆಯುವ ಎಣ್ಣೆಯ ವಾಸನೆ ಹಿಡಿಯಿತು ಎಂದರು.’ ಅಂಗಡಿಯಲ್ಲಿ ಆ ಎಣ್ಣೆಯ ಡಬ್ಬ ತೆರೆಯುವುದು ನನ್ನ ಇಸ್ತ್ರಿಯ ಪಕ್ಕದಲ್ಲೇ. ಯಾವುದರಿಂದ ಬರುತ್ತದೆ ಎಂದು ನೀವು ಹುಡುಕುತ್ತಿದ್ದುದು ಇದನ್ನೇ ಅಲ್ಲವೇ? ನನ್ನನ್ನು ಮುಂದಿನ ಕೋಣೆಗೆ, ಬಟ್ಟೆ ಮಡಚುವ ಮೇಜಿಗೆ ಹಾಕಿ ಎಂದು ಮಾಲೀಕರನ್ನು ಬೇಡಿದೆ. ಅವರೇನು ಕೆಟ್ಟವರಲ್ಲ. “ಆಸ್ಪತ್ರೆಯಿಂದ ಒಂದು ಚೀಟಿ ತಾರಯ್ಯ, ಹಾಕ್ತೀನಿ. ಇಲ್ಲಾಂದ್ರೆ ಎಲ್ರೂ ತಲೆ ಹಿಡ್ಕೊಂಡು ಬರ್ತಾರೆ. ಇನ್ನೊಂದ್ಸಲ ಕೈ ಸುಟ್ಕೊಂಡ್ರೆ ಮಾತ್ರ ಕೆಲಸ ಬಿಟ್ಬಿಡು” ಎಂದರು. ಚೀಟಿ ಕೊಡಬೇಕಾದವರು ನೀವು. ನೋವೇ ಇಲ್ಲದವನಿಗೆ ಚೀಟಿ ಹೇಗೆ ಕೊಡುತ್ತೀರಿ?

ಚೆನ್ನಾಗಿದ್ದ ದಿನ ನಾನು ಬರೆದದ್ದು ಬರೀ ಹೆದರಿಕೆ. ಅದು ನಿಮ್ಮಲ್ಲಿ ಪುರಾವೆ. ಕಣ್ಣಾರೆ ಕಂಡವಳು ಬರೆದದ್ದು ನಿಜವಾದ ನೋವು, ಅದು ಖಾಲಿ. ಇದು ಯಾವ ಊರಿನ ನ್ಯಾಯ ಮಾನ್ಯರೇ? ನಿಮ್ಮ ಆಸ್ಪತ್ರೆಯಲ್ಲಿ ಜ್ಞಾನ ತಪ್ಪಿದವರನ್ನು ಹೊತ್ತು ತಂದವರ ಮಾತು ಕೇಳುತ್ತೀರೋ, ಇಲ್ಲಾ ಎಚ್ಚರವಾದ ಮೇಲೆ ಅವರೇ ಅರ್ಜಿ ಹಾಕಲಿ ಎಂದು ಕಾಯುತ್ತೀರೋ? ನಾನು ಕೇಳುವುದು ಇಷ್ಟು. ಮೊದಲನೆಯದಾಗಿ, ಆ ಕೆಂಪು ಗೀಟು ಹೊಡೆದ ಪುಟಗಳನ್ನು

ನಮಸ್ಕಾರ. ಇಲ್ಲಿಂದ ಬರೆಯುತ್ತಿರುವವಳು ಅವರ ಹೆಂಡತಿ. ಇವರಿಗೆ ಗರಗಸದ ಬೆಳಕು ಶುರುವಾಯಿತು, ಒಳಗೆ ಹೋಗಿ ಮಲಗಿದ್ದಾರೆ. ಪೆನ್ನು ಕೊಡುವಾಗಲೂ, “ಬೇಡ ಕಣೇ, ನೀನು ಬರೆದ್ರೆ ಇದನ್ನೂ ಖಾಲಿ ಅಂತಾರೆ” ಎಂದರು. ಅವರ ಗಾಬರಿ ಒಂದೊಂದು ಸಲ ಸರಿಯಾಗಿಯೇ ಇರುತ್ತದೆ. ಆದರೆ ಈ ಕಾಗದದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇವೆ; ಅವರು ಅಚ್ಚು ಹಾಕಿದರೆ ಇಬ್ಬರ ಅಕ್ಷರವೂ ಒಂದೇ ಥರ ಕಾಣುತ್ತದೆ ಎಂಬ ಧೈರ್ಯದಿಂದ ಮುಗಿಸುತ್ತಿದ್ದೇನೆ. ನಾನು ಬರೆದ ಪುಟಗಳನ್ನು ನೀವೇ ಕೂತು ಓದಬೇಕು. ಓದಿದ ಮೇಲೆ ಮಾಲೀಕರಿಗೆ ಚೀಟಿ ಕೊಡಬೇಕು. ಪುಸ್ತಕದ ಹಿಂದಿನ ಆ ಒಂದು ಸಾಲನ್ನು ಅಳಿಸಬೇಕು. ನಿಮಗೆ ಕೆಂಪು ಪೆನ್ನಿಗೇನೂ ಬರವಿಲ್ಲವಲ್ಲ. ಇವರು ಒಳಗಿಂದ ಬಕೆಟ್ಟು ಕೇಳುತ್ತಿದ್ದಾರೆ, ನಾನು ಏಳಬೇಕು.

ಇಂತಿ,
ನಿಮ್ಮ ಲೆಕ್ಕದಲ್ಲಿ ಗುಂಡುಕಲ್ಲಿನಂತಿರುವ ಇಸ್ತ್ರಿಯವನ ಪರವಾಗಿ,
ಅಕ್ಷರಕ್ಕೆ ಬೆಲೆಯಿಲ್ಲದ ಅವನ ಹೆಂಡತಿ