ಸ್ಪರ್ಶವೇಳೆ

ಹಿರೇಹೊಳೆ ಜಿಲ್ಲೆ
ಫೆಬ್ರವರಿ ೩೦, ೨೧೫೧

ನೂರು ವರ್ಷಕ್ಕೂ ಹಿಂದೆ ಬದುಕಿರುವ ಹಿರಿಯರಿಗೆ ಇರಾವತಿ ಹಡಪದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿನದಲ್ಲ. ತಿಂಗಳುಗಳನ್ನು ಸರಿತೂಗಿಸಿದ ಮೇಲೆ ನಮಗೆ ಫೆಬ್ರವರಿಯಲ್ಲೂ ಮೂವತ್ತು ದಿನ. ನಡುವೆ ನಿಮಗೆ ಗೊತ್ತಿರದ ಪದ ಬಂದರೆ ಮನ್ನಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಹೋದ ವಾರ ನನ್ನ ತಂಗಿ ಕಾಶೀಬಾಯಿಗೆ ಹೊಲದಲ್ಲಿನ ಈರುಳ್ಳಿ ಶೆಡ್ಡಿನಲ್ಲೇ ಹೆರಿಗೆಯಾಯಿತು. ದಿನ ತುಂಬಿರಲಿಲ್ಲ, ಹಾಗಾಗಿ ನಾವ್ಯಾರೂ ಸಿದ್ಧರಿರಲಿಲ್ಲ. ಮಗು ಅತ್ತಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ತುರ್ತು ಸೇವೆಗೆ ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು, "ಹೊಕ್ಕಳದ ಕೆಳಗ ಗಟ್ಟಿಯಾಗಿ ತಿಕ್ಕತಾ ಇರ್ರಿ ಅಕ್ಕಾರ, ಕೈ ಬಿಡಬ್ಯಾಡ್ರಿ. ಬಂಡಿ ಹೊಂಟೈತಿ," ಎಂದಳು. ಕಾಶಿಯ ತುಟಿ ಬಿಳಿಚಿಕೊಳ್ಳುತ್ತಿತ್ತು. ನನ್ನ ಕೈ ಸೋಲುವಷ್ಟರಲ್ಲಿ ನೆರೆಬಂಡಿ ಬಂತು.

ನೆರೆಬಂಡಿ ಎಂದರೆ ನಿಮ್ಮ ಆಂಬುಲೆನ್ಸೇ. ಆದರೆ ಅದು ಆಸ್ಪತ್ರೆಯ ಅಂಗಳದಲ್ಲಿ ಕಾಯುವುದಿಲ್ಲ. ದೇಶದ ಎಲ್ಲ ಕರೆಗಳೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಎಲ್ಲಿಂದ ಕರೆದರು, ಏನಾಗಿತ್ತು, ಆಮೇಲೆ ಉಳಿದರೋ ಇಲ್ಲವೋ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ನೋಡಿ, ಕಬ್ಬು ಕಡಿಯುವ ತಿಂಗಳಲ್ಲಿ ಬಂಡಿ ಕಾರ್ಖಾನೆ ರಸ್ತೆಯಲ್ಲಿ ನಿಲ್ಲುತ್ತದೆ, ಈರುಳ್ಳಿ ಕೀಳುವಾಗ ನಮ್ಮ ಹೊಲಗಳ ಕೂಡುರಸ್ತೆಗೆ ಬರುತ್ತದೆ. ನರ್ಸು ಇಳಿದವಳೇ ಕಾಶಿಯ ಮುಂಗೈ ಹಿಡಿದು, "ಕೈ ಇಟ್ಟೆ," ಎಂದು ಗಟ್ಟಿಯಾಗಿ ಹೇಳಿದಳು. ಆಗಲೇ ಗಡಿಯಾರ ನಿಲ್ಲುವುದು. ಕರೆ ಬಂದಾಗಿನಿಂದ ರೋಗಿಯ ಮೈಮೇಲೆ ಕೈ ಬೀಳುವ ತನಕದ ಹೊತ್ತಿಗೆ ನಾವು ಸ್ಪರ್ಶವೇಳೆ ಎನ್ನುತ್ತೇವೆ. ಚುಚ್ಚುಮದ್ದಾಯಿತು, ಅಲ್ಲೇ ರಕ್ತ ಏರಿಸಿದರು. ಈಗ ತಾಯಿ, ಮಗು ಇಬ್ಬರೂ ಮನೆಯಲ್ಲಿದ್ದಾರೆ.

ಈ ಜಿಲ್ಲೆಯ ನಾವು ಈ ಪದವನ್ನು ಬಳಸುವಾಗ ಡಾ. ಮೆಹಜಬೀನ್ ಅತ್ತಾರ ಅವರನ್ನು ನೆನೆಯುತ್ತೇವೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಅವರು ಇಲ್ಲಿಯ ತುರ್ತು ಸೇವೆಯ ಅಧಿಕಾರಿಯಾಗಿದ್ದರು. ಬೇಗ ತಲುಪುವುದರಲ್ಲಿ ನಮ್ಮದು ರಾಜ್ಯಕ್ಕೇ ಮೊದಲ ಜಿಲ್ಲೆ ಎನಿಸಿಕೊಂಡಿತ್ತು, ಪ್ರಶಸ್ತಿಗೂ ಹೆಸರು ಹೋಗಿತ್ತು. ಒಂದು ಮಧ್ಯಾಹ್ನ ಅವರು ತಾವೇ ಆಂಬುಲೆನ್ಸ್ ಹತ್ತಿದರು. ನೇಕಾರನೊಬ್ಬನಿಗೆ ಎದೆನೋವು ಬಂದಿತ್ತು. ಊರ ಹೆಬ್ಬಾಗಿಲಾದ ಅಗಸಿಯಲ್ಲೇ ಚಾಲಕ ಫಕೀರಪ್ಪ 'ತಲುಪಿದೆ' ಎಂಬ ಗುಂಡಿ ಒತ್ತಿದ. ಡಾಕ್ಟರು ಮುಖ ನೋಡಿದಾಗ, "ಇಲ್ಲೇ ಒತ್ತಬೇಕಂತ ಮ್ಯಾಲಿಂದ ಆರ್ಡರ್ ಐತ್ರಿ ಮೇಡಂ," ಎಂದ. ಓಣಿಗಳು ಕಿರಿದು, ಗಾಡಿ ಒಳಗೆ ಹೋಗುವಂತಿರಲಿಲ್ಲ. ಸ್ಟ್ರೆಚರ್ ಹೊತ್ತು, ದಾರಿ ಕೇಳುತ್ತ ಮನೆ ಮುಟ್ಟುವಾಗ ನೇಕಾರನ ಉಸಿರು ನಿಂತಿತ್ತು. ಅವನ ಹೆಂಡತಿ ಅಳಲಿಲ್ಲವಂತೆ. "ಗಾಡಿ ಬಂದದ್ದು ಕೇಳಿಸ್ತ್ರಿ. ನೀವು ಯಾವಾಗ ಬಂದ್ರಿ?" ಎಂದಷ್ಟೇ ಕೇಳಿದಳಂತೆ.

ಮರುದಿನದಿಂದ ಡಾಕ್ಟರು ಗುಂಡಿಯನ್ನು ರೋಗಿಯ ಪಕ್ಕದಲ್ಲೇ ಒತ್ತಿಸಿದರು. ಮೊದಲಿದ್ದ ಜಿಲ್ಲೆ ಕೊನೆಗೆ ಬಿತ್ತು. ಪತ್ರಿಕೆಗಳು ಬೈದವು. ರಾಜಧಾನಿಯ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, "ಎಲ್ಲಾರೂ ಅಗಸಿ ತನಕಾನೇ ಲೆಕ್ಕ ಹಿಡೀತಾರ. ನಿಮಗೊಬ್ಬರಿಗೆ ಯಾಕ ಬೇಕ್ರಿ ಇದು?" ಎಂದು ಕೇಳಿದರು.

"ರೋಗಿ ಅಗಸ್ಯಾಗ ಇರಂಗಿಲ್ಲ ಸರ್," ಎಂದು ಎದ್ದು ನಿಂತರು ಮೆಹಜಬೀನ್. "ನಾವು ಕೊನೇಕ ಅದೀವಿ. ಗಾಡಿ ನಮಗ ಮೊದಲ ಕೊಡ್ರಿ. ಮುಂದಿದ್ದವರಿಗೆ ಯಾಕ ಬೇಕು?"

ಸಭೆಯಲ್ಲಿ ಕೆಲವರು ನಕ್ಕರು. ತಿಂಗಳೊಳಗೆ ಡಾಕ್ಟರಿಗೆ ವರ್ಗವಾಯಿತು, ತರಬೇತಿ ಶಾಲೆಯೊಂದಕ್ಕೆ. ಅಲ್ಲಿಗೆ ಬೇರೆ ಬೇರೆ ರಾಜ್ಯಗಳಿಂದ ನರ್ಸುಗಳು, ವೈದ್ಯರು ಬರುತ್ತಿದ್ದರು. ಮೆಹಜಬೀನ್ ಕಲಿಸಿದ್ದನ್ನು ಹೊತ್ತು ಅವರೆಲ್ಲ ತಮ್ಮ ಊರುಗಳಿಗೆ ಹೋದರು. ಒಂದು ಜಿಲ್ಲೆ ನಿಜವಾದ ಹೊತ್ತು ಬರೆದು ಕೊನೆಗಿಳಿಯಿತು, ಹಿಂದೆಯೇ ಇನ್ನೊಂದು. ಹಾಗೆ ಇಳಿದ ಜಿಲ್ಲೆಗಳೇ ಹೆಚ್ಚಾದಾಗ ದೇಶಕ್ಕೆಲ್ಲ ಒಂದೇ ಕಾನೂನು ಬಂತು: ಹೊತ್ತು ಅಳೆಯುವುದು ರೋಗಿಯ ಪಕ್ಕದಲ್ಲಿ, ಮತ್ತು ಹಿಂದುಳಿದವರಿಗೆ ಗಾಡಿ, ನರ್ಸು, ರಕ್ತ ಮೊದಲು. ಅಷ್ಟು ಹೊತ್ತಿಗೆ ಮೆಹಜಬೀನ್ ನಿವೃತ್ತರಾಗಿದ್ದರು. ಕಾನೂನಿನಲ್ಲಿ ಅವರ ಹೆಸರಿಲ್ಲ. ಅವರು ಅದನ್ನು ಕೇಳಲೂ ಇಲ್ಲವಂತೆ. ಓಣಿಗೆ ಹೋಗಬಲ್ಲ ಸಣ್ಣ ಗಾಡಿ ಬಂದಿದೆಯೆಂದು ಫಕೀರಪ್ಪ ಫೋನ್ ಮಾಡಿದಾಗ ಮಾತ್ರ, "ಓಡಿಸಿ ತೋರಸು ಬಾ," ಎಂದರಂತೆ.

ನಿಮ್ಮ ಕಾಲದಲ್ಲಿ ಅವರಿನ್ನೂ ಶಾಲೆಗೆ ಹೋಗುವ ಹುಡುಗಿಯಾಗಿರಬಹುದು. ನಿಮ್ಮಲ್ಲಿ ಯಾರೋ ಒಬ್ಬರು ಮುಂದೆ ಆ ಸಭೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಅವರು ಅಲ್ಲಿ ಒಬ್ಬರೇ ನಿಂತಿದ್ದರೆಂದು ನಮ್ಮಲ್ಲಿ ಹೇಳುತ್ತಾರೆ. ನನ್ನ ಕೋರಿಕೆ ಇಷ್ಟೇ, ನೀವೂ ಎದ್ದು ನಿಲ್ಲಿ.

ಇಂತಿ,
ಇರಾವತಿ