ಸುನ್ನಿವಾಳ ಎಡಗೈ

ಅಕ್ಕಾ ತೂರುನ್,

ನಿನ್ನ ಕಥೆಯನ್ನು ನಿನ್ನೆ ಮಧ್ಯಾಹ್ನ ಹೇಳಿದವನು ಹಿಮದ ಮೇಲೆ ಜಾರುವ ಸ್ಕೀಗಳಿಗೆ ಮೇಣ ತಿಕ್ಕುವ ನಮ್ಮ ಅರ್ನ್‌ಫಿನ್. ನೀನು ಬದುಕಿದ್ದಿದ್ದರೆ ನೀನೇ ನಕ್ಕು ಅವನ ಬಾಯಿ ಮುಚ್ಚಿಸುತ್ತಿದ್ದೆ.

ಸ್ಕೀ ಓಟಗಾರರ ಚಲನೆ ಅಳೆಯುವುದು ಈಗಲೂ ನನ್ನ ಕೆಲಸ. ಮೇಣ ತಿಕ್ಕುವ ಗುಡಿಸಲಲ್ಲಿ ಕೂತು ಸುನ್ನಿವಾ ಎಂಬ ಹುಡುಗಿಯ ಓಟವನ್ನು ತರಬೇತಿ ಕೊಡುವ ಗೆರ್ಡಾಗೆ ತೋರಿಸುತ್ತಿದ್ದೆ. ಕೀಲುಗಳಿಗೆ ಅಂಟಿಸಿದ್ದ ಬಿಳಿ ಚುಕ್ಕಿಗಳಷ್ಟೇ ಪರದೆಯ ಮೇಲೆ ಏರು ಹತ್ತುತ್ತಿದ್ದವು. ಏರಿನಲ್ಲಿ ಅವಳ ಎಡಗೈ ನಿನ್ನ ಕೈಯಂತೆಯೇ ಹೊರಗೆ ಬೀಸುತ್ತದೆ.

"ರೆಕ್ಕೆ ಮುರಿದ ಬಾತುಕೋಳಿ! ನಾರ್ವೆ ತಂಡ ಆರಿಸೋಕೆ ಮುಂಚೆ ಆ ಕೈ ನೆಟ್ಟಗಾಗ್ಲಿ, ಇಲ್ಲಾಂದ್ರೆ ಮನೇಲಿರ್ಲಿ," ಎಂದಳು ಗೆರ್ಡಾ. ಮೂಲೆಯಲ್ಲಿ ಸುನ್ನಿವಾ ತಲೆ ತಗ್ಗಿಸಿದಳು.

"ಅದ್ರಿಂದ ವೇಗವೇನೂ ಕಮ್ಮಿಯಾಗಿಲ್ಲ," ಎಂದೆ. ಗೆರ್ಡಾ ಕೇಳಿಸಿಕೊಳ್ಳಲಿಲ್ಲ.

ಅರ್ನ್‌ಫಿನ್ ಮೇಣ ಕರಗಿಸುವ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಗೆರ್ಡಾ ಕಡೆ ತಿರುಗಿದ. "ತೂರುನ್ ಕೈನೂ ಹಿಂಗೇ ಬೀಸ್ತಿತ್ತು ಕಣಮ್ಮ. ಕೊನೇ ಸ್ಪರ್ಧೇಲಿ ದಾರಿ ಪಕ್ಕದಿಂದ ಯಾರೋ 'ಕೈ ನೆಟ್ಟಗೆ, ಕೈ ನೆಟ್ಟಗೆ' ಅಂತ ಕೂಗ್ತಾನೇ ಇದ್ರು. ಕೈಯೇನೋ ನೆಟ್ಟಗಾಯ್ತು. ಹುಡುಗಿ ಓಡೋದನ್ನೇ ಮರೆತ್ಲು. ಆಮೇಲೆ ಸ್ಕೀ ಕಟ್ಟಲೇ ಇಲ್ಲ."

ಕೂಗಿದ್ದು ನಾನೇ ಎಂದು ಅವನು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಿಸಿ ವಾಫಲ್ ಮೇಲೆ ಕಂದು ಚೀಸ್ ಇಟ್ಟು ನನ್ನ ಕೈಗೆ ಕೊಟ್ಟ.

ಇವತ್ತು ಬೆಳಿಗ್ಗೆ ಸುನ್ನಿವಾ ಕೈ ಬೀಸಿಕೊಂಡೇ ಏರು ಹತ್ತಿದಳು. ಬೈಯಲು ಬಾಯಿ ತೆರೆದ ಗೆರ್ಡಾ ಕಾಫಿ ಗುಟುಕರಿಸಿದಳು. ನಾನು ಕ್ಯಾಮೆರಾವನ್ನು ಹಿಮದ ಮೇಲೆ ಬಿಟ್ಟು ದಾರಿಯ ಪಕ್ಕಕ್ಕೆ ಓಡಿದೆ. ಊರಿನವರೆಲ್ಲ ಹುರಿದುಂಬಿಸಿ ಕೂಗುವ ಹಾಗೆ "ಹೈಯಾ! ಹೈಯಾ!" ಎಂದು ಗಂಟಲು ಕಟ್ಟುವವರೆಗೆ ಕೂಗಿದೆ. ಬೇರೆ ಒಂದು ಮಾತೂ ಆಡಲಿಲ್ಲ.